ಉಂಗುರವೂ ಸೀಟಿಯೂ

ಗುಬ್ಬಿಗೆ ಆ ದಿನ ಇನ್ನೊಂದು ಸಲ ಸೂಜಿ ಚುಚ್ಚಿಸಿಕೊಳ್ಳುವ ತ್ರಾಣ ಇರಲಿಲ್ಲ. ನಡೆದದ್ದೆಲ್ಲ ನಡೆದದ್ದು ಅಷ್ಟರಿಂದಲೇ. ಬೆಳಿಗ್ಗೆ ತೆಗೆಸಿಕೊಂಡಿದ್ದ ಅವಳದೇ ರಕ್ತದ ಟ್ಯೂಬು ಲ್ಯಾಬಿನ ಮೇಜಿನ ಮೇಲೆ, ಪ್ಲಾಸ್ಟಿಕ್ ಸ್ಟ್ಯಾಂಡಿನ ಮೂಲೆಯ ತೂತಿನಲ್ಲಿ, ಸಂಜೆಯವರೆಗೂ ಹಾಗೇ ನಿಂತಿತ್ತು. ಅದನ್ನು ಚೆಲ್ಲಿ ಹೊಸದು ತೆಗೆಸಬೇಕಿತ್ತು. ಅವಳು ಟ್ಯೂಬನ್ನು ನೋಡಿದಳು, ಮೊಣಕೈ ಒಳಬದಿಯಲ್ಲಿ ಆಗಲೇ ನೀಲಿಗಟ್ಟಿದ್ದ ಕಲೆಯನ್ನು ನೋಡಿದಳು, "ಹಾಳಾಗಿ ಹೋಗ್ಲಿ" ಅಂದುಕೊಂಡು ಹಳೆಯದನ್ನೇ ಕೆಲಸಕ್ಕೆ ಹಚ್ಚಿದಳು.

ಗುಬ್ಬಿ ಎಂಬುದು ಅವಳ ಅಕ್ಕ ಇಟ್ಟ ಹೆಸರು. ಚಿಕ್ಕಂದಿನಲ್ಲಿ ಒಣಕಲು ಕಾಲು, ದೊಡ್ಡ ಕಣ್ಣು. ಈಗ ತಲೆಯಲ್ಲಿ ಬಿಳಿಕೂದಲು ಇಣುಕಿದ್ದರೂ ಹೆಸರು ಮಾತ್ರ ಬಿಟ್ಟು ಹೋಗಿರಲಿಲ್ಲ. ದೊಡ್ಡ ಆಸ್ಪತ್ರೆಯೊಂದರ ಹಿಂದಿನ ಕಟ್ಟಡದಲ್ಲಿ, ಮೇಲಿನ ಮಹಡಿಯಲ್ಲಿ, ಸದಾ ಗುಂಯ್ ಅನ್ನುವ ಫ್ರಿಜ್ಜುಗಳ ನಡುವೆ ಅವಳ ಕೆಲಸ. ಕೆಲಸವೇನು ಅಂತ ಯಾರಾದರೂ ಕೇಳಿದರೆ "ಉಂಗುರ ಎಣಿಸ್ತೀನಿ" ಅನ್ನುತ್ತಿದ್ದಳು. ಕೇಳಿದವರು ಅಕ್ಕಸಾಲಿಗರ ಮನೆಯವಳಿರಬೇಕು ಅಂದುಕೊಂಡು ಸುಮ್ಮನಾಗುತ್ತಿದ್ದರು. ಅವಳಿಗೂ ಅದೇ ಬೇಕಿತ್ತು.

ಪೂರ್ತಿ ವಿವರಿಸಿದ್ದು ಅಕ್ಕನಿಗೊಬ್ಬಳಿಗೆ. ಅದೂ ಅಕ್ಕನ ಅಡುಗೆಮನೆಯಲ್ಲಿ, ಅಕ್ಕ ಪಾತ್ರೆ ತೊಳೆಯುತ್ತಿದ್ದಾಗ. ಜೀವಕೋಶ ತನಗೆ ಬೇಕಾದ ಅಪ್ಪಣೆಗಳನ್ನು ಆರ್‌ಎನ್‌ಎ ಎಂಬ ಎಳೆಗಳಲ್ಲಿ ನಕಲು ಮಾಡಿ ಕಳಿಸುತ್ತದೆ. ಎಳೆಗೆ ಎರಡು ತುದಿ. ಕೆಲಸ ಮುಗಿದ ಮೇಲೆ ತುದಿಯಿಂದ ಶುರುಮಾಡಿ ಎಳೆಯನ್ನು ಮೆದ್ದುಹಾಕುವ ಕಿಣ್ವಗಳು ಇರುತ್ತವೆ. ಆದರೆ ಕೆಲವು ಎಳೆಗಳ ಬಾಲ ಅವುಗಳ ತಲೆಗೇ ಬೆಸೆದುಕೊಂಡು ಉಂಗುರವಾಗಿಬಿಡುತ್ತದೆ. ಉಂಗುರಕ್ಕೆ ತುದಿಯಿಲ್ಲ. ತುದಿಯಿಲ್ಲದ್ದನ್ನು ಕಿಣ್ವ ಎಲ್ಲಿಂದ ಕಚ್ಚಬೇಕು? ಹಾಗಾಗಿ ಎಳೆ ಹೋದ ಮೇಲೂ ಉಂಗುರ ಉಳಿಯುತ್ತದೆ. ಬಹಳ ಕಾಲ ಇದನ್ನು ಕಸ ಅಂದುಕೊಂಡಿದ್ದರು. ಆಮೇಲೆ ನೋಡಿದರೆ ಮಿದುಳಿನ ತುಂಬ ಉಂಗುರ. ವಯಸ್ಸಾದಂತೆ ಅಲ್ಲಿ ಇನ್ನಷ್ಟು ಉಂಗುರ. ಕೆಲವು ಸ್ಪಂಜಿನ ಹಾಗೆ ಬೇರೆ ಪುಟ್ಟ ಆರ್‌ಎನ್‌ಎಗಳನ್ನು ಹೀರಿಕೊಂಡು ಕೂರುತ್ತವೆ. ಈಗ ಕ್ಯಾನ್ಸರಿನವರು, ಹೃದಯದವರು, ಮರೆವಿನ ರೋಗದವರು ಎಲ್ಲರೂ ತಂತಮ್ಮ ಉಂಗುರ ಹುಡುಕುತ್ತಿದ್ದಾರೆ.

"ಅಂದ್ರೆ ಇಲಿ ದಾರ ತಿನ್ನುತ್ತೆ, ರಬ್ಬರ್ ಬ್ಯಾಂಡ್ ಬಿಡುತ್ತೆ," ಅಂದಿದ್ದಳು ಅಕ್ಕ.

"ಹೆಚ್ಚುಕಮ್ಮಿ ಹಾಗೇ."

"ನನ್ನ ತಲೇಲಿ ರಬ್ಬರ್ ಬ್ಯಾಂಡ್ ಜಾಸ್ತಿಯಾಗಿದ್ಯಾ ನೋಡು ಹಾಗಾದ್ರೆ."

ಹೊರಗೆ ಸೋಫಾದ ಮೇಲೆ ಕಾಲುಚಾಚಿದ್ದ ಭಾವ ಅಲ್ಲಿಂದಲೇ ಅಂದ: "ನೋಡೋದೇನು. ಅವಳ ತಲೇಲಿರೋದೆಲ್ಲ ರಬ್ಬರೇ. ಏನು ಹೇಳಿದ್ರೂ ಪುಟಿದು ವಾಪಸ್ ನನ್ನ ಮುಖಕ್ಕೇ ಬರುತ್ತೆ." ಭಾವನದು ಲಿಫ್ಟು ರಿಪೇರಿ. ದಿನವಿಡೀ ಮೇಲೆ ಕೆಳಗೆ ಓಡಾಡಿಯೂ ಎಲ್ಲೂ ಹೋಗದವನು ತಾನೊಬ್ಬನೇ ಎಂದು ಹೇಳಿಕೊಳ್ಳುತ್ತಿದ್ದ.

ಅಕ್ಕ ನಗಲಿಲ್ಲ. ಪಾತ್ರೆ ತೊಳೆದ ಕೈಯನ್ನು ಒರೆಸಿ ಗುಬ್ಬಿಯ ಮುಂದೆ ಚಾಚಿದಳು. "ನಿಜವಾಗ್ಲೂ. ತೆಗಿ ರಕ್ತ."

ಅಕ್ಕ ಪುರಸಭೆಯ ಈಜುಕೊಳದಲ್ಲಿ ಚಿಕ್ಕ ಮಕ್ಕಳಿಗೆ ಈಜು ಕಲಿಸುವವಳು. ಕೊರಳಲ್ಲಿ ಕೆಂಪು ದಾರದ ಸೀಟಿ, ಕಾಲಲ್ಲಿ ರಬ್ಬರ್ ಚಪ್ಪಲಿ, ಮೈಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಕ್ಲೋರಿನ್ ವಾಸನೆ. ಮಕ್ಕಳು ಅವಳನ್ನು ಸೀಟಿ ಟೀಚರ್ ಅನ್ನುತ್ತಿದ್ದರು. ಆ ಕೆಲಸದಲ್ಲಿ ಈಜು ಬರುವುದು ದೊಡ್ಡದಲ್ಲ, ಎಣಿಸಲು ಬರಬೇಕು. ನೀರಿಗಿಳಿದ ತಲೆಗಳು ಎಷ್ಟು, ಈಗ ಕಾಣುವ ತಲೆಗಳು ಎಷ್ಟು. ಉಸಿರಾಡಿದ ಹಾಗೆ ಎಣಿಸುತ್ತಲೇ ಇರಬೇಕು. ಒಂದು ದಿನ ಅಕ್ಕ ತರಗತಿ ಮುಗಿಸಿ ಸೀಟಿ ಊದಿ, ಮಕ್ಕಳನ್ನೆಲ್ಲ ಬಟ್ಟೆ ಬದಲಿಸುವ ಕೋಣೆಗೆ ಅಟ್ಟಿ, ದೀಪ ಆರಿಸಲು ಹೋದಾಗ ಒಬ್ಬಳು ಹುಡುಗಿ ಇನ್ನೂ ನೀರಿನಲ್ಲಿದ್ದಳು. ಅಂಗಾತ ತೇಲುತ್ತ, ಕಿವಿ ನೀರಿನಲ್ಲಿ ಮುಳುಗಿ ಸೀಟಿ ಕೇಳಿಸದೆ, ಚಾವಣಿ ನೋಡುತ್ತ ಆರಾಮಾಗಿದ್ದಳು. ಏನೂ ಆಗಿರಲಿಲ್ಲ. ಆದರೆ ಅಕ್ಕ ಅವತ್ತು ಎಣಿಸುವುದನ್ನೇ ಮರೆತಿದ್ದಳು. ಅಮ್ಮನಿಗೂ ಹೀಗೇ ಶುರುವಾಗಿತ್ತು. ಅಮ್ಮ ಮೊದಲು ಮರೆತದ್ದು ಒಲೆ ಆರಿಸುವುದನ್ನು. ಕೊನೆಗೆ ಮರೆತದ್ದು ನುಂಗುವುದನ್ನು. ನಡುವೆ ಏನೇನು ಮರೆತಳು ಎಂಬುದನ್ನು ಇಬ್ಬರು ಹೆಣ್ಣುಮಕ್ಕಳೂ ಮರೆಯಲು ನೋಡುತ್ತಿದ್ದರು.

ಮನೆಯವರ ರಕ್ತ ನೋಡಬಾರದು, ನೋಡಿದರೂ ಹೇಳಬಾರದು. ಇದು ಗುಬ್ಬಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅಡುಗೆಮನೆಯ ದೀಪದ ಕೆಳಗೆ ಅಕ್ಕನ ತೋಳಿಗೆ ಪಟ್ಟಿ ಬಿಗಿದಳು. ಟ್ಯೂಬನ್ನು ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ದಾರಿಯಲ್ಲಿ ರಸ್ತೆ ಅಗೆದಿದ್ದರು, ಬಸ್ಸು ಆಮೆಯ ಹಾಗೆ ಹೋಯಿತು, ಇಳಿದು ಇನ್ನೊಂದು ಬಸ್ಸು. ಲ್ಯಾಬು ಮುಟ್ಟಿದಾಗ ಹೊತ್ತು ಎಲ್ಲಿಗೋ ಹೋಗಿತ್ತು. ಎರಡು ದಿನದ ಮೇಲೆ ಯಂತ್ರದ ಪರದೆಯ ಮೇಲೆ ಎಳೆಗೆ ಹೋಲಿಸಿದ ಅಕ್ಕನ ಉಂಗುರದ ಪಾಲು ಮೇಲೆ, ಮರೆವಿನ ರೋಗಿಗಳ ಗುಂಪಿನ ನಟ್ಟನಡುವೆ, ಮನೆಯವರ ಮದುವೆಯಲ್ಲಿ ಕೂತವಳ ಹಾಗೆ ಕೂತಿತ್ತು.

ಗುಬ್ಬಿ ಹೇಳಲಿಲ್ಲ. ಹೇಳಬೇಕಾಗಲಿಲ್ಲ. ಹುಟ್ಟಿದಾರಭ್ಯ ಆ ಮುಖವನ್ನು ಓದಿದವಳು ಅಕ್ಕ. "ಸರಿ ಬಿಡು," ಅಂದಳು ಬಾಗಿಲಲ್ಲೇ. ಮಾರನೆಯ ದಿನ ಸೀಟಿಯನ್ನು ತಂದು ಅಡುಗೆಮನೆಯ ಮೊಳೆಗೆ, ಜರಡಿಯ ಪಕ್ಕದಲ್ಲಿ, ನೇತುಹಾಕಿದಳು. ಕೊಳದ ಮ್ಯಾನೇಜರಿಗೆ ಬೆನ್ನುನೋವು ಅಂತ ಹೇಳಿ ಟಿಕೆಟ್ ಕಿಟಕಿಗೆ ಕೂತಳು. "ಮರೆತು ಒಂದು ಟಿಕೆಟ್ ಹೆಚ್ಚು ಹರಿದ್ರೆ ಯಾರೂ ಮುಳುಗಲ್ಲ," ಅಂದಳು.

ಇದಾಗಿ ಒಂದು ಚಳಿಗಾಲ ಕಳೆದಿತ್ತು.

ಇತ್ತ ಲ್ಯಾಬಿನಲ್ಲಿ ಅದೇ ಉಂಗುರ ಗುಬ್ಬಿಯ ಭಾಗ್ಯದ ಬಾಗಿಲು ತೆಗೆದಿತ್ತು. ಮರೆವಿನ ರೋಗಿಗಳ ರಕ್ತದಲ್ಲಿ ಒಂದು ಉಂಗುರ, ಅದರ ಜೋಡಿ ಎಳೆಗಿಂತ ಬಹಳ ಹೆಚ್ಚು, ಆರೋಗ್ಯವಂತರಲ್ಲಿ ಕಡಿಮೆ. ಬೆನ್ನುಮೂಳೆಗೆ ಸೂಜಿ ಹಾಕದೆ, ಒಂದು ಟ್ಯೂಬು ರಕ್ತದಲ್ಲೇ ರೋಗವನ್ನು ಮುಂಚೆಯೇ ಹಿಡಿಯಬಹುದು. ಲ್ಯಾಬಿನ ಮುಖ್ಯಸ್ಥರಾದ ಹಿರಿಯ ವಿಜ್ಞಾನಿ ಸಂತೋಷದಿಂದ ಕೈ ಉಜ್ಜಿಕೊಂಡರು. ಅವರಿಗೆ ಲ್ಯಾಬಿನವರು ಇಟ್ಟ ಹೆಸರು ಮುಂದಿನವಾರ. ಏನು ಕೇಳಿದರೂ ಅವರ ಉತ್ತರ ಒಂದೇ: "ಮುಂದಿನ ವಾರ ನೋಡೋಣಮ್ಮ." ಈಗ ಅವರ ಬದುಕಿನಲ್ಲಿ ಮೊದಲ ಸಲ ನಿಜಕ್ಕೂ ಮುಂದಿನ ವಾರ ಏನೋ ನಡೆಯುವುದಿತ್ತು. ದೊಡ್ಡ ಸಭೆಯೊಂದರಲ್ಲಿ ಅವರೂ ಗುಬ್ಬಿಯೂ ಈ ಉಂಗುರದ ಬಗ್ಗೆ ಮಾತಾಡಬೇಕಿತ್ತು. ಅದು ಮುಗಿದರೆ ಗುಬ್ಬಿಗೆ ಕಾಯಂ ಕೆಲಸ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಂತೆ, ಯಾರೋ ಆಗಲೇ ಅವಳ ಹೆಸರಿನ ಫಲಕಕ್ಕೂ ಹೇಳಿಬಿಟ್ಟಿದ್ದರು.

ಆರೋಗ್ಯವಂತರು ಅಂದರೆ ಯಾರು ಎಂಬುದನ್ನೂ ಹೇಳಬೇಕು. ಅವರೇ. ಲ್ಯಾಬಿನವರೇ. ಬಿಸ್ಕತ್ತು ತಿಂದು ಬದುಕುವ, ಬೆನ್ನು ಬಗ್ಗಿಸಿ ಬಗ್ಗಿಸಿ ಗೂನಾದ, ನಿದ್ದೆಗೆಟ್ಟ ಕಣ್ಣಿನ ಈ ಮಂದಿ ವಿಜ್ಞಾನದ ಕಣ್ಣಿಗೆ ಆರೋಗ್ಯದ ಮಾದರಿಗಳು. ತಮ್ಮವರ ಪೈಕಿ ವಯಸ್ಸಾದವರಿಂದ, ಪಕ್ಕದ ಲ್ಯಾಬುಗಳ ಹಳೆಯ ಹುಲಿಗಳಿಂದ, ಕೂತಲ್ಲೇ ರಕ್ತ ತೆಗೆದು ಪಕ್ಕದ ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ಅಲ್ಲೇ ಕೆಲಸ ಮುಗಿಸುತ್ತಿದ್ದರು. ರೋಗಿಗಳ ಟ್ಯೂಬುಗಳು ಮಾತ್ರ ಊರಾಚೆಯ ಆಸ್ಪತ್ರೆಯಿಂದ ವ್ಯಾನಿನಲ್ಲಿ ಬರುತ್ತಿದ್ದವು. ಬೆಳಿಗ್ಗೆ ತೆಗೆದದ್ದು, ಇತರ ಟ್ಯೂಬುಗಳ ಜೊತೆ ಊರೆಲ್ಲ ಸುತ್ತಿ, ಸಂಜೆಯ ಹೊತ್ತಿಗೆ.

ಗುಬ್ಬಿಯ ಪಕ್ಕದ ಮೇಜಿನವನು ಒಮ್ಮೆ ಕೇಳಿದ್ದ: "ವ್ಯಾನಲ್ಲಿ ಅಷ್ಟು ಹೊತ್ತು ಇದ್ರೆ ಏನೂ ಆಗಲ್ವಾ?" ಅವನಿಗೆ ಲ್ಯಾಬಿನಲ್ಲಿ ಇಟ್ಟ ಹೆಸರು ಅನುಮಾನ. ಅವನು ಎಲ್ಲವನ್ನೂ ಅನುಮಾನಿಸುತ್ತಿದ್ದ, ಕ್ಯಾಂಟೀನಿನ ಸಕ್ಕರೆಯನ್ನು ಕೂಡ. ಅದಕ್ಕೇ ಅವನ ಮಾತಿಗೆ ಯಾರೂ ಕಿವಿಗೊಡುತ್ತಿರಲಿಲ್ಲ. ದಿನಾ ಬೊಗಳುವ ನಾಯಿಗೆ ಕಳ್ಳ ಬಂದರೂ ಮನೆಯವರು ಏಳುವುದಿಲ್ಲವಲ್ಲ, ಹಾಗೆ. ಹಿರಿಯರು "ಮುಂದಿನ ವಾರ ನೋಡೋಣ" ಅಂದಿದ್ದರು.

ಈಗ ಆ ದಿನಕ್ಕೆ ಬರೋಣ. ಸಭೆಗೆ ತೋರಿಸಲು ಹೊಸದಾಗಿ ಒಂದು ಸಲ ಎಲ್ಲ ಮಾಡಿ ಚಿತ್ರ ತೆಗೆಯಬೇಕಿತ್ತು. ಆರೋಗ್ಯವಂತಳಾಗಿ ಗುಬ್ಬಿಯೇ ಕೈಚಾಚಿದಳು. ಅನುಮಾನ ರಕ್ತ ತೆಗೆದ. ಟ್ಯೂಬನ್ನು ಸ್ಟ್ಯಾಂಡಿಗಿಟ್ಟು ಗುಬ್ಬಿ ಹತ್ತಿ ಒತ್ತಿಕೊಳ್ಳುತ್ತಿದ್ದಾಗಲೇ ಭಾವನ ಫೋನು.

"ಎಲ್ಲಿದ್ದೀಯ?"

"ಇನ್ನೆಲ್ಲಿ ಭಾವ, ಕೆಲಸದಲ್ಲಿ."

"ನಿನ್ನ ಅಕ್ಕ ಕೆಲಸ ಬಿಡ್ತಾಳಂತೆ. ಟಿಕೆಟ್ ಕಿಟಕಿನೂ ಬೇಡವಂತೆ. ಈಗಲೇ ಹೋಗಿ ಹೇಳ್ತೀನಿ ಅಂತ ಚಪ್ಪಲಿ ಹುಡುಕ್ತಿದ್ದಾಳೆ. ನಾನು ಒಂದು ಕಾಲಿನ ಚಪ್ಪಲಿ ಬಚ್ಚಿಟ್ಟಿದ್ದೀನಿ. ಬೇಗ ಬಾ."

ಅವಳು ಓಡಿದಳು. ಅಕ್ಕ ಒಂಟಿ ಚಪ್ಪಲಿಯ ಎದುರು ಕುರ್ಚಿಯಲ್ಲಿ ಕೂತಿದ್ದಳು. ಕಿಟಕಿಯಲ್ಲಿ ಕೂತರೂ ಒಳಗಿನ ನೀರಿನ ಸದ್ದು ಕೇಳುತ್ತದೆ, ಅಂದಳು. ಮಕ್ಕಳು ಕಿರುಚಿದರೆ ಅದು ಆಟದ್ದೋ ಹೆದರಿದ್ದೋ ಅಂತ ಕೂತಲ್ಲೇ ಕಿವಿ ನಿಮಿರುತ್ತದೆ. ಹೊಸದಾಗಿ ಬಂದ ತರಬೇತುದಾರ ಗಟ್ಟಿಗಂಟಲಿನವನು, ಎಣಿಸುವುದಿಲ್ಲ. "ನೀರಿನ ಪಕ್ಕ ಇದ್ದು ನೀರಿಗೆ ಸಂಬಂಧ ಇಲ್ಲ ಅಂತ ಇರೋಕೆ ನನ್ನ ಕೈಲಿ ಆಗಲ್ಲ ಗುಬ್ಬಿ. ಮನೇಲೇ ಇದ್ದು ಮರೀತೀನಿ. ಮರೆಯೋಕೂ ಒಂದು ಜಾಗ ಬೇಕಲ್ಲ."

ಗುಬ್ಬಿ ಮಧ್ಯಾಹ್ನವೆಲ್ಲ ಮಾತಾಡಿದಳು. ಮಾತು ಗೋಡೆಗೆ ಎಸೆದ ಚೆಂಡಿನ ಹಾಗೆ ಹೋದದ್ದೇ ವಾಪಸ್ ಬರುತ್ತಿತ್ತು. ಕೊನೆಗೆ ಅಕ್ಕ ತಿಂಗಳ ಕೊನೆಯವರೆಗೆ ಕಾಯಲು ಒಪ್ಪಿದಳು, ಅದೂ ಚಪ್ಪಲಿ ಸಿಗಲಿಲ್ಲವೆಂದು. ಸಂಜೆ ಗುಬ್ಬಿ ಲ್ಯಾಬಿಗೆ ಮರಳಿದಾಗ ಟ್ಯೂಬು ಅಲ್ಲೇ ಇತ್ತು. ಅವಳು ಅದನ್ನೇ ಕೆಲಸಕ್ಕೆ ಹಚ್ಚಿದಳು.

ಮಾರನೆಯ ಮಧ್ಯಾಹ್ನ ಪರದೆಯ ಮೇಲೆ ಅವಳ ಬಿಂದು ಕಾಣಿಸಿತು. ಮೇಲೆ. ಅಕ್ಕ ಕೂತಿದ್ದ ಗುಂಪಿನಲ್ಲಿ, ಅಕ್ಕನಿಗೆ ಹೆಗಲು ತಾಗಿಸಿಕೊಂಡು.

ಅವಳು ಮೊದಲು ಮಾಡಿದ್ದು ಕುರ್ಚಿಯನ್ನು ಹಿಂದಕ್ಕೆ ಸರಿಸಿದ್ದು. ಅಮ್ಮ, ಅಕ್ಕ, ಈಗ ನಾನು ಅನ್ನಿಸಿತು. ಅಚ್ಚರಿಯೆಂದರೆ ಭಯ ಆಗಬೇಕಾದಷ್ಟು ಆಗಲಿಲ್ಲ. ದಣಿವು ಅದಕ್ಕೂ ಜಾಗ ಬಿಟ್ಟಿರಲಿಲ್ಲ. ಸರಿ, ಇನ್ನು ಸಭೆಗೆ ಯಾವ ಸೀರೆ ಉಡುವುದು ಅಂತ ಯೋಚಿಸಬೇಕಾಗಿಲ್ಲ, ಎಲ್ಲ ಮರೆತೇ ಹೋಗುತ್ತದೆ, ಅಂದುಕೊಂಡಳು. ಆಮೇಲೆ ಕಾಫಿ ತಂದಳು. ಕಾಫಿ ಆರುತ್ತಿದ್ದಂತೆ ನೆನಪಾಯಿತು: ಹೋದ ಬೇಸಿಗೆಯಲ್ಲಿ ಇದೇ ಯಂತ್ರದಲ್ಲಿ ಇದೇ ಕೈಯ ರಕ್ತ ನೋಡಿದ್ದೆ. ಆಗ ನನ್ನ ಬಿಂದು ತಳದಲ್ಲಿತ್ತು. ವರ್ಷಗಟ್ಟಲೆ ಗೆದ್ದಲಿನ ಹಾಗೆ ತಿನ್ನುವ ರೋಗ ಇಷ್ಟು ಬೇಗ ಮರ ಹತ್ತುತ್ತದೆಯೇ?

ಅವಳು ಕಾಫಿಯ ಲೋಟ ನೋಡಿದಳು. ತಂದಾಗ ಬಿಸಿ ಇತ್ತು. ಈಗ ಇರಲಿಲ್ಲ.

"ಅನುಮಾನ," ಅಂದಳು. "ಬಾ ಇಲ್ಲಿ. ನನ್ನ ರಕ್ತ ಇನ್ನೊಂದು ಸಲ ತೆಗಿ. ಎರಡು ಟ್ಯೂಬು."

"ನಿನ್ನೆ ತಾನೇ ತೆಗೆದಿದ್ದೆ. ರಕ್ತಹೀನತೆ ಬರುತ್ತೆ, ಆಮೇಲೆ ನೀನು ಆರೋಗ್ಯವಂತಳಲ್ಲ ಅಂತ ಬೇರೆ ತಲೆನೋವು."

"ತೆಗೀತೀಯೋ ಇಲ್ವೋ."

ಒಂದು ಟ್ಯೂಬನ್ನು ಆಗಲೇ ತಿರುಗಿಸಿದರು. ಇನ್ನೊಂದನ್ನು ಗುಬ್ಬಿ ಕಿಟಕಿಯ ಕಟ್ಟೆಯ ಮೇಲಿಟ್ಟಳು, ಒಣಗಿದ ಕುಂಡದ ಪಕ್ಕ. ಅದನ್ನು ಸಂಜೆಯವರೆಗೆ ಮುಟ್ಟಲಿಲ್ಲ. ಅನುಮಾನ ತನ್ನ ಅಂಗಿಯ ತೋಳನ್ನು ಮೇಲಕ್ಕೆ ಮಡಚಿ, "ನಂದೂ ತಗೋ," ಅಂದ, ಅಷ್ಟೇ. ಅವನ ಮುಖದಲ್ಲಿ ಗೆದ್ದ ಸಂತೋಷ ಇರಲಿಲ್ಲ. ಅವನ ಹೆಸರೂ ಆ ಸಭೆಯ ಪತ್ರಿಕೆಯಲ್ಲಿತ್ತಲ್ಲ.

ಉತ್ತರ ಬಂದಾಗ ಅದು ತುಂಬಾ ಸರಳವಾಗಿತ್ತು, ನೋಡಿದರೆ ನಾಚಿಕೆಯಾಗುವಷ್ಟು. ತಕ್ಷಣ ನೋಡಿದ ರಕ್ತದಲ್ಲಿ ಉಂಗುರದ ಪಾಲು ಕೆಳಗೆ. ಕಿಟಕಿಯಲ್ಲಿ ಕಾದ ರಕ್ತದಲ್ಲಿ ಮೇಲೆ. ಅದೇ ಕೈ, ಅದೇ ಸೂಜಿ. ಉಂಗುರ ಹೆಚ್ಚಾಗಿರಲಿಲ್ಲ. ಇಡೀ ದಿನ ಟ್ಯೂಬಿನೊಳಗೆ ಕೂತು ಎಳೆಗಳು ಸವೆದುಹೋಗಿದ್ದವು, ತುದಿಯಿಲ್ಲದ ಉಂಗುರ ಇದ್ದಲ್ಲೇ ಇತ್ತು. ಉಂಗುರವನ್ನು ಎಳೆಯಿಂದ ಭಾಗಿಸಿ ನೋಡುವವರಿಗೆ ಉಂಗುರ ಬೆಳೆದಂತೆ ಕಂಡಿತ್ತು. ಊರು ಬಿಟ್ಟು ಎಲ್ಲರೂ ಹೋದ ಮೇಲೆ ಉಳಿದ ಒಬ್ಬನೇ ಊರಿಗೆ ದೊಡ್ಡವನಾದ ಹಾಗೆ.

ವರ್ಷಗಟ್ಟಲೆ ಅವಳು ಎಣಿಸಿದ್ದು ರೋಗವನ್ನಲ್ಲ. ವ್ಯಾನು ಎಷ್ಟು ತಡ ಎಂಬುದನ್ನು. ಅಕ್ಕನ ವಿಷಯದಲ್ಲಿ, ಅಗೆದ ರಸ್ತೆಯಲ್ಲಿ ಬಸ್ಸು ಎಷ್ಟು ಹೊತ್ತು ನಿಂತಿತ್ತು ಎಂಬುದನ್ನು. ಇಷ್ಟು ದಿನದ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಸಂತೋಷಪಡಬೇಕೋ ಅಳಬೇಕೋ ತಿಳಿಯದೆ ಅವಳು ಫ್ರಿಜ್ಜಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಬೆನ್ನಿಗೆ ಗುಂಯ್ ಅನ್ನುವುದು ಹಿತವಾಗಿತ್ತು. ಅಕ್ಕನಿಗೆ ಬಂದ ಕೆಟ್ಟ ಸುದ್ದಿಯೂ ತನಗೆ ಬಂದ ಒಳ್ಳೆಯ ಸುದ್ದಿಯೂ ಒಂದೇ ಸುಳ್ಳಿನ ಎರಡು ಮಕ್ಕಳು. ಒಂದನ್ನು ಮನೆಯಿಂದ ಹೊರಗೆ ಹಾಕಿ ಇನ್ನೊಂದನ್ನು ಇಟ್ಟುಕೊಳ್ಳುವಂತಿಲ್ಲ.

ಹಿರಿಯರ ಕೋಣೆಯ ಬಿಳಿ ಹಲಗೆಯ ಮೇಲೆ ಸಭೆಯ ಮಾತಿನ ನಕ್ಷೆ ಇತ್ತು. ನಡುವೆ ದೊಡ್ಡ ಉಂಗುರ, ಅದರಿಂದ ಮಿದುಳಿಗೆ ಒಂದು ಬಾಣ. ಅವರು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದರು. ಗುಬ್ಬಿ ನಿಂತೇ ಹೇಳಿದಳು. ಬಿಸ್ಕತ್ತು ಚಹಾದೊಳಗೆ ಮುರಿದು ಬಿತ್ತು, ಅವರು ಅದನ್ನು ತೆಗೆಯಲು ಹೋಗಲಿಲ್ಲ.

"ವ್ಯಾನು ಸಂಜೆ ಬರುತ್ತೆ ಅಂತ ನನಗೆ ಗೊತ್ತಿತ್ತು," ಅಂದರು ಕೊನೆಗೆ. "ಗೊತ್ತಿತ್ತು, ತಲೆಗೆ ಹೋಗಿರ್ಲಿಲ್ಲ."

"ನನಗೂ ಅಷ್ಟೇ ಸರ್."

"ಈಗ ಹೀಗೆ ಮಾಡಿದ್ರೆ? ಸಭೆ ಮುಗಿಸಿಕೊಂಡು ಬಂದುಬಿಡೋಣ. ಆಮೇಲೆ ಆಸ್ಪತ್ರೆಯಲ್ಲೇ ಕೂತು ರಕ್ತ ತಿರುಗಿಸಿ, ಮೊದಲಿಂದ ನೋಡಿ, ಇದ್ದದ್ದನ್ನು ಇದ್ದ ಹಾಗೆ ತಿದ್ದೋಣ. ಹಾವೂ ಸಾಯಬೇಕು, ಕೋಲೂ ಮುರೀಬಾರದು. ಮುಂದಿನ ವಾರ..."

"ಮುಂದಿನ ವಾರ ಬೇಡ ಸರ್. ನನ್ನ ಅಕ್ಕನ ರಕ್ತ ನೋಡಿದ್ದೆ ನಾನು. ಅವಳಿಗೆ ಗೊತ್ತಾಗಿದೆ."

ಅವರು ಕನ್ನಡಕ ತೆಗೆದರು. "ಮನೆಯವರದ್ದು ನೋಡಬಾರದು ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ತಲೆಗೆ ಹೋಗಿರ್ಲಿಲ್ಲ."

ಬೈಯಬೇಕಿತ್ತು. ಬೈದಿದ್ದರೆ ಅವಳಿಗೂ ಹಗುರಾಗುತ್ತಿತ್ತು. ಅವರು ಕನ್ನಡಕದ ಗಾಜನ್ನು ಅಂಗಿಯ ಅಂಚಿನಿಂದ ಒರೆಸುತ್ತ, "ಏನ್ ಕೆಲಸ ಮಾಡ್ತಾರೆ ನಿಮ್ಮ ಅಕ್ಕ?" ಅಂದರು.

"ಮಕ್ಕಳಿಗೆ ಈಜು ಕಲಿಸ್ತಾಳೆ. ಕಲಿಸ್ತಿದ್ದಳು. ಈಗ ಟಿಕೆಟ್ ಹರೀತಾಳೆ."

ಹೊರಗೆ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು. ಅದರ ಒಂದು ಚಕ್ರ ಕಿರ್ ಕಿರ್ ಅಂದು, ಕಾರಿಡಾರಿನ ತಿರುವಿನಲ್ಲಿ ಸುಮ್ಮನಾಯಿತು. ಹಿರಿಯರು ಎದ್ದರು. ಡಸ್ಟರಿಗಾಗಿ ಸುತ್ತ ನೋಡಿದರು, ಅದು ಸಿಗಲಿಲ್ಲ. ಕೋಟಿನ ತೋಳಿನಿಂದಲೇ ಹಲಗೆಯ ಮೇಲಿನ ಬಾಣವನ್ನು ಅಳಿಸಿದರು. ಉಂಗುರವನ್ನು ಮಾತ್ರ ಬಿಟ್ಟರು. "ಇದು ಇರ್ಲಿ," ಅಂದರು. "ಇದೇನು ತಪ್ಪು ಮಾಡಿಲ್ಲ. ಸಭೆಯವರಿಗೆ ಈಗಲೇ ಫೋನ್ ಮಾಡ್ತೀನಿ." ಅವರು ಅದೇ ದಿನ ಮಾಡಿದ ಕೆಲಸ ಅಂತ ಲ್ಯಾಬಿನಲ್ಲಿ ಯಾರಾದರೂ ನೋಡಿದ್ದಿದ್ದರೆ ಅದೊಂದೇ. ಗುಬ್ಬಿಯ ಕಾಯಂ ಕೆಲಸದ ಮಾತನ್ನು ಅವರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಸತ್ತವರ ಮನೆಯಲ್ಲಿ ಊಟದ ಮಾತೆತ್ತಬಾರದಲ್ಲ.

ಈಜುಕೊಳದ ಟಿಕೆಟ್ ಕಿಟಕಿ ಒಂದು ಗೂಡು. ಗಾಜಿನಲ್ಲಿ ಅರ್ಧಚಂದ್ರದ ತೂತು, ಅದರ ಹಿಂದೆ ಅಕ್ಕನ ಅರ್ಧ ಮುಖ. ಶಾಲೆ ಬಿಡುವ ಹೊತ್ತಿಗೆ ಇನ್ನೂ ಸ್ವಲ್ಪ ಸಮಯವಿತ್ತು. ಗುಬ್ಬಿ ಬಗ್ಗಿ ತೂತಿನಲ್ಲೇ ಮಾತಾಡಿದಳು, ಒಳಗೆ ಬಂದು ಕೂರುವ ಧೈರ್ಯ ಇರಲಿಲ್ಲ.

"ಅಕ್ಕಾ, ಆ ಪರೀಕ್ಷೆ ತಪ್ಪು."

"ಯಾವುದು?"

"ನಿನ್ನ ರಕ್ತದ್ದು. ಎಲ್ಲರ ರಕ್ತದ್ದೂ. ಟ್ಯೂಬು ಕಾದರೆ ಉಂಗುರ ಜಾಸ್ತಿ ಕಾಣುತ್ತೆ. ನಿನ್ನದು ನನ್ನ ಚೀಲದಲ್ಲಿ ಬಸ್ಸಲ್ಲಿ ಕಾದಿತ್ತು. ರೋಗಕ್ಕೂ ಅದಕ್ಕೂ ಸಂಬಂಧ ಇಲ್ಲ."

ಅಕ್ಕ ಟಿಕೆಟ್ ಕಟ್ಟನ್ನು ಮೇಜಿಗೆ ಕುಟ್ಟಿ ಅಂಚು ಸರಿಮಾಡಿದಳು. ಸರಿಯಾಗಿದ್ದದ್ದನ್ನು ಮತ್ತೆ ಕುಟ್ಟಿದಳು.

"ನನ್ನ ರಕ್ತ ಬಸ್ಸಲ್ಲಿ ಕೂತು ಕೂತು ಬೇಜಾರು ಮಾಡ್ಕೊಂಡಿತ್ತು ಅನ್ನು."

"ಹೂಂ."

"ಹಾಗಾದ್ರೆ ನನಗೇನೂ ಇಲ್ಲ."

ಇಲ್ಲಿ ಹೂಂ ಅಂದುಬಿಡಬಹುದಿತ್ತು. ಗುಬ್ಬಿಯ ನಾಲಿಗೆಯ ತುದಿಗೆ ಬಂದಿತ್ತು ಕೂಡ. "ಗೊತ್ತಿಲ್ಲ ಅಕ್ಕ," ಅಂದಳು.

"ಅಂದ್ರೆ ಇದೆ?"

"ಅದೂ ಗೊತ್ತಿಲ್ಲ. ಇದೆ ಅಂತಲೂ ಹೇಳಲ್ಲ, ಇಲ್ಲ ಅಂತಲೂ ಹೇಳಲ್ಲ. ಆ ಲೆಕ್ಕ ಏನೂ ಹೇಳಲ್ಲ."

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡೋದಕ್ಕಾ ನಿನ್ನ ಅಷ್ಟು ಓದಿಸಿದ್ದು," ಅಂದಳು ಅಕ್ಕ. ದನಿ ಏರಿರಲಿಲ್ಲ. "ಇಡೀ ಚಳಿಗಾಲ ಗುಬ್ಬಿ. ಚಮಚ ಎಲ್ಲಿಟ್ಟೆ ಅಂತ ಮರೆತ್ರೆ, ಓ ಶುರುವಾಯ್ತು ಅಂತ ಕೂತ್ಕೋತಿದ್ದೆ. ಆಮೇಲೆ ಆಮೇಲೆ ಹೆದರಿಕೇನೂ ಹೋಯ್ತು ಗೊತ್ತಾ. ಇದೆ ಅಂತಾದ್ರೂ ಇತ್ತು. ಕೈಗೆ ಹಿಡ್ಕೊಳ್ಳೋಕೆ ಏನೋ ಒಂದು. ಈಗ ಅದನ್ನೂ ಕಿತ್ಕೊಂಡು ಹೋಗೋಕೆ ಬಂದಿದ್ದೀಯ. ಇನ್ನು ಮೇಲೆ ಪ್ರತಿ ಚಮಚಕ್ಕೂ ಹೊಸದಾಗಿ ಹೆದರಬೇಕು."

ಗುಬ್ಬಿ ಗಾಜಿನ ತೂತಿನೊಳಗೆ ಕೈ ಹಾಕಿದಳು. ಅಕ್ಕ ಆ ಕೈಯನ್ನು ಹಿಡಿಯಲಿಲ್ಲ. ಸ್ವಲ್ಪ ಹೊತ್ತು ನೋಡಿ, ಒಂದು ಟಿಕೆಟ್ ಹರಿದು ಅದರಲ್ಲಿಟ್ಟಳು. "ಒಳಗೆ ಹೋಗಿ ಕೂತ್ಕೋ. ಹಿಂದೆ ಜನ ನಿಂತಿದ್ದಾರೆ. ಕೆಲಸ ಮುಗಿಸಿ ಬರ್ತೀನಿ."

ಆ ಸಂಜೆ ಭಾವ ಮಾತ್ರ ಮನಸಾರೆ ನಕ್ಕ. "ನಮ್ಮ ಕಡೆನೂ ಹೀಗೇ. ಲಿಫ್ಟು ಕೆಟ್ಟಿದೆ ಅಂತ ಕರೀತಾರೆ, ಹೋಗಿ ನೋಡಿದ್ರೆ ಕೆಟ್ಟಿರೋದು ಕೆಟ್ಟಿದೆ ಅಂತ ತೋರಿಸೋ ಬಲ್ಬು." ನಕ್ಕು ಮುಗಿದ ಮೇಲೆ ಸೋಫಾದ ಕೆಳಗಿಂದ ಚಪ್ಪಲಿಯನ್ನು ತೆಗೆದು ಅಕ್ಕನ ಕಾಲಿನ ಹತ್ತಿರ ಇಟ್ಟ.

ಅಕ್ಕ ಎಲ್ಲರ ಹಾಗೆ ಸಾಲಿನಲ್ಲಿ ನಿಂತು ನರರೋಗದ ವೈದ್ಯರನ್ನು ಕಂಡಳು. ಗಡಿಯಾರದ ಚಿತ್ರ ಬರೆಸಿದರು, ನೂರರಿಂದ ಹಿಂದಕ್ಕೆ ಎಣಿಸಲು ಹೇಳಿದರು, ತಲೆಯನ್ನು ದೊಡ್ಡ ಯಂತ್ರದೊಳಗೆ ತೂರಿಸಿದರು. ಈಗ ಹೆದರುವಂಥದ್ದೇನೂ ಕಾಣುವುದಿಲ್ಲ, ವರ್ಷಕ್ಕೊಮ್ಮೆ ಬನ್ನಿ, ಅಂದರು. ಗುಬ್ಬಿ ಅತ್ತ ಆಸ್ಪತ್ರೆಯಲ್ಲೇ ಒಂದು ಮೂಲೆ ಹಿಡಿದು, ರೋಗಿಗಳ ರಕ್ತವನ್ನು ತೆಗೆದ ಕೂಡಲೇ ತಿರುಗಿಸುತ್ತ ಮೊದಲಿನಿಂದ ಶುರುಮಾಡಿದ್ದಳು. ಈ ಸಲ ಬಿಂದುಗಳು ಯಾವ ಗುಂಪೂ ಕಟ್ಟದೆ ಸಂತೆಯ ಜನದ ಹಾಗೆ ಚದುರಿದ್ದವು. ಅವುಗಳಲ್ಲಿ ಏನಾದರೂ ಇದೆಯೋ ಇಲ್ಲವೋ ಇನ್ನೂ ಹೇಳುವಂತಿರಲಿಲ್ಲ. ಹೆಸರಿನ ಫಲಕ ಮಾಡುವವನಿಗೆ ಯಾರು ಬೇಡ ಅಂದರೋ, ಅದಂತೂ ಬರಲಿಲ್ಲ.

ಒಂದು ದಿನ ಅಕ್ಕನ ಅಡುಗೆಮನೆಯಲ್ಲಿ ಜರಡಿಯ ಪಕ್ಕದ ಮೊಳೆ ಖಾಲಿ ಇತ್ತು. ಗುಬ್ಬಿ ಅದನ್ನು ನೋಡಿದ್ದನ್ನು ಅಕ್ಕ ನೋಡಿದಳು.

"ಚಿಕ್ಕ ಕೊಳ ಮಾತ್ರ. ಮಕ್ಕಳ ಎದೆಮಟ್ಟದ ನೀರು," ಅಂದಳು. "ಅದೂ ಒಂದು ಷರತ್ತಿದೆ. ಮ್ಯಾನೇಜರಿಗೆ ಹೇಳಿದ್ದೀನಿ. ದಡದಲ್ಲಿ ಇನ್ನೊಬ್ಬರು ಕೂತು ಎಣಿಸಬೇಕು. ನಾನು ಎಣಿಸಿದ್ದು, ಅವರು ಎಣಿಸಿದ್ದು, ಎರಡೂ ಒಂದಾಗದೆ ನಾನು ಸೀಟಿ ಊದಲ್ಲ."

"ಯಾರು ಕೂರ್ತಾರೆ?"

"ಎಣಿಸೋದೇ ಕಸುಬು ಮಾಡ್ಕೊಂಡಿರೋರು ನಮ್ಮ ಮನೇಲಿ ಇನ್ಯಾರಿದ್ದಾರೆ?"

ಹೀಗೆ ವಾರದ ಬಿಡುವಿನ ಮಧ್ಯಾಹ್ನಗಳು ಗುಬ್ಬಿಯ ಕೈ ತಪ್ಪಿದವು. ಒದ್ದೆ ಬೆಂಚು, ಕಣ್ಣುರಿಸುವ ಕ್ಲೋರಿನ್, ಚಾವಣಿಗೆ ತಾಗಿ ದುಪ್ಪಟ್ಟಾಗಿ ಬೀಳುವ ಮಕ್ಕಳ ಗದ್ದಲ. ಎಣಿಸುವುದು ಅಂದುಕೊಂಡಷ್ಟು ಸುಲಭವಲ್ಲ. ಟ್ಯೂಬಿನ ಹಾಗೆ ತಲೆಗಳು ಸ್ಟ್ಯಾಂಡಿನಲ್ಲಿ ನಿಲ್ಲುವುದಿಲ್ಲ. ಹಿಂದಿನ ವಾರ ತಪ್ಪಿದ್ದು ಅಕ್ಕ. ಒಬ್ಬಳನ್ನು ಎರಡು ಸಲ ಎಣಿಸಿದ್ದಳು. ಮತ್ತೆ ಎಣಿಸಿ ಸರಿಯಾದ ಮೇಲೂ ಮನೆ ಸೇರುವವರೆಗೂ ಬೆರಳು ಮಡಚಿ ಎಣಿಸುತ್ತಲೇ ಇದ್ದಳು. ಅದು ಮರೆವೋ, ಮಕ್ಕಳು ಮೀನಿನ ಹಾಗೆ ಜಾರಾಡಿದ್ದೋ, ಹೇಳುವ ಯಂತ್ರ ಗುಬ್ಬಿಯ ಹತ್ತಿರ ಇರಲಿಲ್ಲ.

ಈ ವಾರ ತರಗತಿ ಮುಗಿಯುವ ಹೊತ್ತಿಗೆ ಅವಳ ಕಣ್ಣು ಎಳೆಯುತ್ತಿತ್ತು. ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದ ಅಕ್ಕ ತಿರುಗಿ ಹುಬ್ಬು ಹಾರಿಸಿದಳು.

"ಹನ್ನೊಂದು," ಅಂದಳು ಗುಬ್ಬಿ.

"ನಂದು ಹನ್ನೆರಡು."

"ಹನ್ನೊಂದೇ ಅಕ್ಕ. ಎರಡು ಸಲ ಎಣಿಸಿದೆ."

ಅಕ್ಕನ ಸೀಟಿ ತುಟಿಯ ಹತ್ತಿರ ಹೋಗಿ ನಿಂತಿತು. ಆಮೇಲೆ ಅವಳು ನೀರನ್ನು ಮತ್ತೆ ನೋಡಿದಳು, ಅವಸರವಿಲ್ಲದೆ, ಈ ಗೋಡೆಯಿಂದ ಆ ಗೋಡೆಯವರೆಗೆ.

"ಮೇಲಿರೋ ತಲೆ ಮಾತ್ರ ಎಣಿಸ್ತೀಯ ನೀನು," ಅಂದಳು. "ನೀರೊಳಗೆ ನೋಡು. ಏಣಿ ಹತ್ತಿರ."

ಗುಬ್ಬಿ ಬೆಂಚಿನಿಂದ ಎದ್ದು ಅಂಚಿಗೆ ಬಂದು ಬಗ್ಗಿದಳು. ಏಣಿಯ ಕೆಳಗೆ, ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಬಿಟ್ಟುಕೊಂಡು ಒಬ್ಬಳು ಹುಡುಗಿ 'ಎಷ್ಟು ಹೊತ್ತು ಉಸಿರು ಹಿಡೀಬಹುದು' ಎಂಬ ಆಟದಲ್ಲಿ ಕೂತಿದ್ದಳು. ಮೇಲಿನ ಮುಖವನ್ನು ಕಂಡು ಪುಸಕ್ಕನೆ ನಕ್ಕು ಗುಳ್ಳೆಗಳ ಸಮೇತ ಮೇಲೆ ಬಂದಳು.

"ಹನ್ನೆರಡು," ಅಂದಳು ಗುಬ್ಬಿ.

ಅಕ್ಕ ಸೀಟಿ ಊದಿದಳು.